ನಾಣ್ಯಸಂಗ್ರಹಕ್ಕೊಂದು ಗಣಕದ ಪಟ್ಟಿ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿಯ ಎಲೆಯಡಿಕೆ ಚೀಲದಲ್ಲಿಯೋ, ದೇವರ ಗೂಡಿನ ಹಿತ್ತಾಳೆ ಭರಣಿಯಲ್ಲಿಯೋ ಉಳಿದಿದ್ದ ನಾಲ್ಕಾರು ತಾಮ್ರದ ಕಾಸು, ಒಂದೆರಡು ಬೆಳ್ಳಿ ರೂಪಾಯಿ, ನಡುವೆ ತೂತಿರುವ ಯುದ್ಧಕಾಲದ ಕಾಸು—ಇಷ್ಟರಿಂದ ಆರಂಭವಾದ ಸಂಗ್ರಹ ಕೆಲವೇ ವರ್ಷಗಳಲ್ಲಿ ಐನೂರು, ಸಾವಿರ ನಾಣ್ಯಗಳಾಗಿ ಬೆಳೆಯುವುದುಂಟು. ಹತ್ತು ನಾಣ್ಯಗಳಿರುವವರೆಗೆ ನೆನಪೇ ಪಟ್ಟಿ. ನೂರಾದಾಗ ಒಂದು ನೋಟುಪುಸ್ತಕ ಸಾಕು. ಐನೂರು ದಾಟಿದ ಮೇಲೆ ನೆನಪೂ ಕೈಕೊಡುತ್ತದೆ, ನೋಟುಪುಸ್ತಕದಲ್ಲಿ ಬೇಕಾದ ಪುಟ ಬೇಕಾದ ಹೊತ್ತಿಗೆ ಸಿಕ್ಕುವುದೂ ಇಲ್ಲ. ಆಗ ಸಂಗ್ರಹಕಾರರು ಕಂಪ್ಯೂಟರಿನ ಕಡೆಗೆ ತಿರುಗುತ್ತಾರೆ. ತಿರುಗಿದೊಡನೆ ಏಳುವ ಪ್ರಶ್ನೆ, ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು ಎಂಬುದು.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಪಟ್ಟಿ ಏತಕ್ಕಾಗಿ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಇರುವುದೇನು, ಇಲ್ಲದ್ದೇನು ಎಂದು ತಿಳಿದರೆ ಒಂದೇ ನಾಣ್ಯವನ್ನು ಎರಡು ಸಲ ಕೊಳ್ಳುವುದು ತಪ್ಪುತ್ತದೆ. ಇದು ಸಣ್ಣ ಪ್ರಯೋಜನ. ಕಳ್ಳತನವೋ ಬೆಂಕಿಯೋ ಸಂಭವಿಸಿದರೆ ಪೊಲೀಸರಿಗೂ ವಿಮೆಯವರಿಗೂ ತೋರಿಸಲು ಚಿತ್ರಸಹಿತವಾದ ದಾಖಲೆ ಇರುತ್ತದೆ. ಇದು ಅದಕ್ಕಿಂತ ದೊಡ್ಡದು. ಎಲ್ಲಕ್ಕಿಂತ ದೊಡ್ಡದು ಮೂರನೆಯದು. ಸಂಗ್ರಹಿಸಿದವರ ಕಾಲಾನಂತರ ಆ ಪೆಟ್ಟಿಗೆ ಮನೆಯವರ ಕೈಗೆ ಬರುತ್ತದೆ. ಅದರೊಳಗೆ ಏನಿದೆ ಎಂದು ಅವರಿಗೆ ತಿಳಿಯದು. ಬೆಳ್ಳಿಯೆಲ್ಲ ಚಿನಿವಾರರ ತಕ್ಕಡಿ ಏರಿ ತೂಕದ ಬೆಲೆಗೆ ಹೋಗುತ್ತದೆ. ತಾಮ್ರ ಹಳೆಯ ಪಾತ್ರೆಯ ಜೊತೆಗೆ ಸೇರುತ್ತದೆ. ಮೂವತ್ತು ನಲವತ್ತು ವರ್ಷ ಒಬ್ಬರು ಕಣ್ಣಿಟ್ಟು ಆಯ್ದದ್ದು ಒಂದು ಮಧ್ಯಾಹ್ನದಲ್ಲಿ ಕರಗಿ ಹೋಗುತ್ತದೆ. ನಾಣ್ಯ ತನ್ನನ್ನು ಹೊರಡಿಸಿದ ಅರಸನ ಹೆಸರನ್ನು ತಾನೇ ಹೇಳಬಲ್ಲುದು. ಆದರೆ ತಾನು ಎಲ್ಲಿ ಸಿಕ್ಕಿತು, ಯಾರಿಂದ ಬಂದಿತು, ಏಕೆ ಅಪರೂಪ ಎಂಬುದನ್ನು ಹೇಳಲಾರದು. ಅದನ್ನು ಹೇಳುವುದು ಪಟ್ಟಿಯ ಕೆಲಸ.

ಆದ್ದರಿಂದ ಯಂತ್ರವನ್ನು ಆರಿಸುವುದಕ್ಕೆ ಮೊದಲು ಏನನ್ನು ಬರೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಪ್ರತಿ ನಾಣ್ಯಕ್ಕೂ ಒಂದು ಕ್ರಮಸಂಖ್ಯೆ ಇರಬೇಕು. ಅದೇ ಸಂಖ್ಯೆಯನ್ನು ನಾಣ್ಯವಿರುವ ಲಕೋಟೆಯ ಮೇಲೂ ಬರೆದಿರಬೇಕು. ನಾಣ್ಯವನ್ನು ಮಾರಿದರೂ, ಬೇರೆಯವರಿಗೆ ಕೊಟ್ಟರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಅನಂತರ ಹೊರಡಿಸಿದ ರಾಜ್ಯ ಅಥವಾ ಸರ್ಕಾರ, ಮುಖಬೆಲೆ, ಲೋಹ, ತೂಕ, ವ್ಯಾಸ, ಟಂಕಸಾಲೆ, ವರ್ಷ, ಎರಡು ಬದಿಯ ಬರಹ ಮತ್ತು ಚಿತ್ರ, ನಾಣ್ಯದ ಸ್ಥಿತಿ, ಕೊಂಡ ದಿನ, ಕೊಟ್ಟ ಬೆಲೆ, ಕೊಟ್ಟವರು ಯಾರು ಎಂಬ ವಿವರ—ಇಷ್ಟು ಮುಖ್ಯವಾದ ಅಂಕಣಗಳು.

ಇವುಗಳಲ್ಲಿ ತೂಕದ ಅಂಕಣವನ್ನು ಅನೇಕರು ಖಾಲಿ ಬಿಡುತ್ತಾರೆ. ಬಿಡಬಾರದು. 1835ರ ಕಾನೂನಿನಂತೆ ಕಂಪನಿ ಸರ್ಕಾರದ ರೂಪಾಯಿಯ ತೂಕ 180 ಗ್ರೇನ್, ಎಂದರೆ 11.66 ಗ್ರಾಂ ಎಂದು ಗೊತ್ತಾಯಿತು. ಮುಂದೆ ಒಂದು ಶತಮಾನಕ್ಕೂ ಮೀರಿ ಆ ತೂಕವೇ ನಡೆದುಬಂತು. ಸವೆದ ರೂಪಾಯಿ ಇದಕ್ಕಿಂತ ಸ್ವಲ್ಪ ಹಗುರವಾಗಿರುವುದು ಸಹಜ. ಹೊಸದರಂತೆ ಹೊಳೆಯುತ್ತ ಹತ್ತೇ ಗ್ರಾಂ ತೂಗುವ ರೂಪಾಯಿಯ ಮೇಲೆ ಸಂಶಯ ಪಡಲೇಬೇಕು. ಸಂಶಯವನ್ನು ಬರೆದಿಡಲು ಒಂದು ಅಂಕಣವೂ ಬೇಕು. ಒಂದು ಬದಿಯಲ್ಲಿ ಶ್ರೀರಾಮ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1818 ಎಂಬ ಬರಹ ಇರುವ ತಾಮ್ರದ ಬಿಲ್ಲೆಗಳನ್ನು ಜಾತ್ರೆಗಳಲ್ಲಿ, ಸಂತೆಗಳಲ್ಲಿ ನೀವು ನೋಡಿರಬಹುದು. ಅವು ಕಂಪನಿ ಹೊರಡಿಸಿದ ನಾಣ್ಯಗಳಲ್ಲವೇ ಅಲ್ಲ. ಈಚಿನ ಕಾಲದ ಬಿಲ್ಲೆಗಳು. ಸಂಗ್ರಹದಲ್ಲಿ ಇಟ್ಟುಕೊಳ್ಳಬಾರದೆಂದಲ್ಲ, ಆದರೆ ಪಟ್ಟಿಯಲ್ಲಿ ಅದನ್ನು ಬಿಲ್ಲೆ ಎಂದೇ ಬರೆದಿರಬೇಕು. ಇಲ್ಲವಾದರೆ ಮುಂದಿನ ತಲೆಮಾರಿನವರು ಅದನ್ನು ಲಕ್ಷಾಂತರ ರೂಪಾಯಿಯ ನಿಧಿಯೆಂದು ನಂಬಿ ಮೋಸ ಹೋದಾರು.

ಇನ್ನು ನಮ್ಮ ನಾಣ್ಯಗಳ ವಿಶೇಷಕ್ಕೆ ಬರೋಣ. ತಂತ್ರಾಂಶದ ನಿಜವಾದ ಪರೀಕ್ಷೆ ಇಲ್ಲಿಯೇ ಆಗುವುದು. ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಯೂರೋಪು, ಅಮೆರಿಕಗಳಲ್ಲಿ. ಅಲ್ಲಿಯ ಈಚಿನ ನಾಣ್ಯದ ಮೇಲೆ ಇಸವಿ ಸ್ಪಷ್ಟವಾಗಿರುತ್ತದೆ. ಬೆಲೆಯೂ ಡಾಲರು, ಸೆಂಟುಗಳಲ್ಲಿ ಕ್ರಮವಾಗಿರುತ್ತದೆ. ನಮ್ಮದು ಹಾಗಲ್ಲ. ಟಿಪ್ಪು ಸುಲ್ತಾನನ ನಾಣ್ಯಗಳನ್ನೇ ತೆಗೆದುಕೊಳ್ಳಿ. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅವುಗಳ ಮೇಲೆ ಹಿಜರಿ ವರ್ಷವಿದೆ. 1787ರ ಸುಮಾರಿಗೆ ಅವನು ಮೌಲೂದಿ ಎಂಬ ಹೊಸ ಗಣನೆಯನ್ನು ತಂದನು. ಆಗ ವರ್ಷದ ಸಂಖ್ಯೆ ಒಮ್ಮೆಗೇ ಮುಂದಕ್ಕೆ ಹಾರಿ 1215 ಆಯಿತು. ಅಷ್ಟೇ ಅಲ್ಲ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಬಂತು. ಎಡದಿಂದ ಓದಿದವರಿಗೆ 1215 ಎಂಬುದು 5121 ಎಂದು ಕಾಣುತ್ತದೆ. ವರ್ಷಕ್ಕೆ ಒಂದೇ ಅಂಕಣವಿರುವ ತಂತ್ರಾಂಶದಲ್ಲಿ ಇದನ್ನು ಎಲ್ಲಿ ಬರೆಯುವುದು? 1215 ಎಂದು ಹಾಕಿದರೆ ಯಂತ್ರ ಟಿಪ್ಪುವನ್ನು ಹೊಯ್ಸಳ ವೀರಬಲ್ಲಾಳನ ಕಾಲಕ್ಕೆ ಕೊಂಡೊಯ್ದು ಕೂರಿಸುತ್ತದೆ. ನಾಣ್ಯದ ಮೇಲೆ ಕಾಣುವ ವರ್ಷ ಒಂದು ಅಂಕಣ, ಅದಕ್ಕೆ ಸಮನಾದ ಕ್ರಿಸ್ತಶಕ ಇನ್ನೊಂದು ಅಂಕಣ—ಹೀಗೆ ಎರಡು ಇರಲೇಬೇಕು.

ಇಸವಿ ಸ್ಪಷ್ಟವಾಗಿರುವಲ್ಲಿಯೂ ತೊಡಕುಂಟು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗಳು ನಮ್ಮಲ್ಲಿ ಹೇರಳವಾಗಿವೆ. ಆದರೆ ಅವೆಲ್ಲ ಆ ವರ್ಷವೇ ಟಂಕಿಸಿದವಲ್ಲ. 1874ರವರೆಗೂ ಅದೇ ಇಸವಿಯನ್ನು ಹೊತ್ತ ರೂಪಾಯಿಗಳು ಹೊರಬಂದವು. ಸಣ್ಣ ಚುಕ್ಕೆಗಳಿಂದ ಅವುಗಳ ಭೇದಗಳನ್ನು ಗುರುತಿಸುತ್ತಾರೆ. 1840ರ ರೂಪಾಯಿಯಲ್ಲಿ ರಾಣಿಯ ತಲೆಯ ಸುತ್ತ ಬರಹ ಒಂದೇ ಸಾಲಾಗಿ ಓಡುವುದು ಒಂದು ಬಗೆ, ಎರಡಾಗಿ ಒಡೆದಿರುವುದು ಇನ್ನೊಂದು ಬಗೆ. ಸ್ವಾತಂತ್ರ್ಯಾನಂತರದ ನಾಣ್ಯಗಳಿಗೆ ಬಂದರೆ, ಇಸವಿಯ ಕೆಳಗೆ ವಜ್ರಾಕೃತಿಯ ಗುರುತಿದ್ದರೆ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಒಂದೇ ವರ್ಷದ ಒಂದೇ ರೂಪಾಯಿ ಸಂಗ್ರಹಕಾರನಿಗೆ ನಾಲ್ಕು ಬೇರೆ ಬೇರೆ ನಾಣ್ಯಗಳಾಗಬಹುದು. ಆದ್ದರಿಂದ ಟಂಕಸಾಲೆಯ ಗುರುತಿಗೂ, ಒಳಭೇದಕ್ಕೂ ಸ್ಥಳವಿಲ್ಲದ ತಂತ್ರಾಂಶ ನಮಗೆ ಉಪಯೋಗವಿಲ್ಲ.

ಮುಖಬೆಲೆಯ ವಿಷಯವೂ ಹೀಗೆಯೇ. ವಿಜಯನಗರದ ವರಾಹ, ಅರ್ಧ ಗ್ರಾಮೂ ತೂಗದ ಕಂಠೀರವ ಹಣ, ಟಿಪ್ಪುವಿನ ಇಮಾಮಿ ಎಂಬ ರೂಪಾಯಿ, ಜೊಹ್ರಾ ಎಂಬ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಆಮೇಲೆ ರೂಪಾಯಿ, ಆಣೆ, ಪೈ, 1957ರ ಏಪ್ರಿಲ್ 1ರಿಂದ ನಯಾಪೈಸೆ—ಈ ಹೆಸರುಗಳನ್ನು ನಾವೇ ಸೇರಿಸಲು ಅವಕಾಶವಿರಬೇಕು. ತಾನು ಕೊಟ್ಟ ಪಟ್ಟಿಯಿಂದಲೇ ಆರಿಸು ಎಂದು ಹಠ ಹಿಡಿಯುವ ತಂತ್ರಾಂಶದಲ್ಲಿ ಜೊಹ್ರಾ ಕಾಸು ಕೊನೆಗೆ ‘ಇತರ’ ಎಂಬ ಮೂಲೆಗೆ ಹೋಗಿ ಬೀಳುತ್ತದೆ.

ಮುಮ್ಮಡಿಯವರ ಕಾಸಿನ ಮೇಲೆ ಕನ್ನಡ, ಪಾರ್ಸಿ, ಇಂಗ್ಲಿಷ್ ಮೂರೂ ಲಿಪಿಗಳಿರುವುದುಂಟು. ಆ ಬರಹವನ್ನು ಇದ್ದ ಹಾಗೆಯೇ ಬರೆದುಕೊಳ್ಳಲು ತಂತ್ರಾಂಶ ಯೂನಿಕೋಡ್ ಅಕ್ಷರಗಳನ್ನು ಸ್ವೀಕರಿಸಬೇಕು. ಹಿಂದೆ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟವರು ಈಗ ಆ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅಂಥ ಪಟ್ಟಿಯಿದ್ದರೆ ಅದನ್ನು ಈಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು.

ಈಗ ಲಭ್ಯವಿರುವ ಸಾಧನಗಳನ್ನು ನೋಡೋಣ. ಇವು ಸ್ಥೂಲವಾಗಿ ಮೂರು ಬಗೆ.

ಮೊದಲನೆಯದು ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್‌ನಂಥ ಸ್ಪ್ರೆಡ್‌ಶೀಟ್. ಲಿಬ್ರೆಆಫೀಸ್ ಉಚಿತವಾಗಿಯೇ ದೊರೆಯುತ್ತದೆ. ಬೇಕಾದ ಅಂಕಣಗಳನ್ನು ನಾವೇ ಹಾಕಿಕೊಳ್ಳಬಹುದು, ಕನ್ನಡದಲ್ಲಿಯೇ ಹೆಸರಿಡಬಹುದು. ಮನೆಯ ಖರ್ಚುವೆಚ್ಚದ ಲೆಕ್ಕ ಬರೆದು ರೂಢಿಯಿದ್ದವರಿಗೆ ಕಲಿಯುವ ಶ್ರಮವೂ ಇಲ್ಲ. ಆದರೆ ಅದರ ಅತಿಬುದ್ಧಿಯ ಬಗ್ಗೆ ಎಚ್ಚರ ಬೇಕು. ಕಾಲಾಣೆಯ ನಾಣ್ಯಕ್ಕೆ 1/4 ಎಂದು ಬೆರಳಚ್ಚಿಸಿದರೆ ಎಕ್ಸೆಲ್ ಅದನ್ನು ಏಪ್ರಿಲ್ ಒಂದನೆಯ ತಾರೀಖು ಎಂದು ಮಾಡಿಬಿಡುತ್ತದೆ. 1/12 ಆಣೆ ಎಂದರೆ ಒಂದು ಪೈ. ಬರೀ 1/12 ಎಂದು ಬರೆದರೆ ಅದು ಡಿಸೆಂಬರ್ ಒಂದು ಆಗುತ್ತದೆ. ಆ ಅಂಕಣವನ್ನು ಮೊದಲೇ ಪಠ್ಯ ಎಂದು ಗೊತ್ತುಮಾಡಿ ಅನಂತರ ಬರೆದರೆ ಈ ಕಾಟವಿಲ್ಲ. ಇನ್ನೊಂದು, 1900ಕ್ಕಿಂತ ಹಿಂದಿನ ದಿನಾಂಕಗಳನ್ನು ಎಕ್ಸೆಲ್ ದಿನಾಂಕವೆಂದೇ ಒಪ್ಪುವುದಿಲ್ಲ. ನಾಣ್ಯದ ವರ್ಷವನ್ನು ದಿನಾಂಕವಾಗಿ ಬರೆಯದೆ ಬರಿಯ ಸಂಖ್ಯೆಯಾಗಿ ಬರೆಯಬೇಕು. ಚಿತ್ರಗಳನ್ನು ಸೇರಿಸುವುದು ಮಾತ್ರ ಇಲ್ಲಿ ತೊಡಕು. ಚಿತ್ರಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ನಾಣ್ಯದ ಕ್ರಮಸಂಖ್ಯೆಯನ್ನೇ ಚಿತ್ರದ ಹೆಸರಾಗಿ ಕೊಟ್ಟರೆ ಸಾಕಾಗುತ್ತದೆ.

ಎರಡನೆಯದು ನಾಣ್ಯಗಳಿಗಾಗಿಯೇ ರಚಿಸಿದ, ನಮ್ಮ ಕಂಪ್ಯೂಟರಿನಲ್ಲಿಯೇ ನೆಲಸುವ ತಂತ್ರಾಂಶ. ಇವುಗಳಲ್ಲಿ ಓಪನ್‌ನ್ಯೂಮಿಸ್‌ಮ್ಯಾಟ್ ಎಂಬುದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಬೇಡದ ಅಂಕಣಗಳನ್ನು ಮರೆಮಾಡಬಹುದು. ನಾಣ್ಯದ ಎರಡೂ ಬದಿಯ ಚಿತ್ರ ಸೇರಿಸಬಹುದು. ಅದು ತನ್ನ ವಿವರಗಳನ್ನು ಎಸ್‌ಕ್ಯೂಲೈಟ್ ಎಂಬ ರೂಪದ ಒಂದೇ ಕಡತದಲ್ಲಿ ಇಡುತ್ತದೆ. ಈ ರೂಪ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ದತ್ತಾಂಶವನ್ನು ದೀರ್ಘಕಾಲ ಉಳಿಸಲು ಯೋಗ್ಯವೆಂದು ಹೇಳಿರುವ ರೂಪಗಳಲ್ಲಿ ಇದೂ ಒಂದು. ನಾಳೆ ಆ ತಂತ್ರಾಂಶವೇ ನಿಂತುಹೋದರೂ ಕಡತವನ್ನು ತೆರೆಯಲು ಬೇರೆ ದಾರಿ ಇರುತ್ತದೆ ಎಂಬುದೇ ಇದರ ಅರ್ಥ. ಇದೇ ವರ್ಗದಲ್ಲಿ ಹಣ ಕೊಟ್ಟು ಕೊಳ್ಳುವ ಕಾಯಿನ್‌ಮ್ಯಾನೇಜ್‌ನಂಥವೂ ಉಂಟು. ಅದರ ಬಲವಿರುವುದು ಅಮೆರಿಕದ ನಾಣ್ಯಗಳ ಸಿದ್ಧಪಟ್ಟಿಯಲ್ಲಿ, ಅವುಗಳ ಬೆಲೆಯಲ್ಲಿ. ಅಮೆರಿಕದ ಡಾಲರು, ಸೆಂಟುಗಳನ್ನು ಸಂಗ್ರಹಿಸುವವರಿಗೆ ಅದು ಸೊಗಸು. ಮೈಸೂರಿನ ಆನೆ ಕಾಸಿಗೆ ಅದರಿಂದ ಏನು ಪ್ರಯೋಜನ?

ಮೂರನೆಯದು ಅಂತರಜಾಲದಲ್ಲಿರುವ ಸಾಮೂಹಿಕ ಪಟ್ಟಿ. ನುಮಿಸ್ಟಾ ಇಂಥವುಗಳಲ್ಲಿ ಹೆಸರಾದದ್ದು. ಲೋಕದ ನಾನಾ ದೇಶಗಳ ಸಂಗ್ರಹಕಾರರು ಕೂಡಿ ಕಟ್ಟಿದ ನಾಣ್ಯಕೋಶ ಅದು. ಪ್ರತಿ ಬಗೆಯ ನಾಣ್ಯಕ್ಕೂ ಒಂದು ಸಂಖ್ಯೆ, ಚಿತ್ರ, ತೂಕ, ವಿವರ ಅಲ್ಲಿವೆ. ಭಾರತದ ದೇಶೀಯ ಸಂಸ್ಥಾನಗಳ ನಾಣ್ಯಗಳೂ ಇವೆ. ನಮ್ಮಲ್ಲಿರುವ ನಾಣ್ಯವನ್ನು ಹುಡುಕಿ, ‘ಇದು ನನ್ನಲ್ಲಿದೆ’ ಎಂದು ಗುರುತು ಹಾಕಿದರೆ ಪಟ್ಟಿ ತಾನಾಗಿ ಬೆಳೆಯುತ್ತದೆ. ಇದರಿಂದ ಬೆರಳಚ್ಚಿನ ಶ್ರಮ ಬಹಳ ಕಡಿಮೆಯಾಗುತ್ತದೆ. ಗುರುತು ಸಿಗದ ನಾಣ್ಯವನ್ನು ಪತ್ತೆ ಹಚ್ಚಲೂ ಸಹಾಯವಾಗುತ್ತದೆ. ಕೋಲ್‌ನೆಕ್ಟ್ ಎಂಬ ಇನ್ನೊಂದು ತಾಣ ನಾಣ್ಯಗಳ ಜೊತೆಗೆ ಅಂಚೆಚೀಟಿ, ನೋಟುಗಳನ್ನೂ ಒಳಗೊಂಡಿದೆ. ಆದರೆ ನೆನಪಿಡಬೇಕಾದ ಮಾತೊಂದಿದೆ. ಅಲ್ಲಿರುವುದು ನಾಣ್ಯದ ಜಾತಿಯ ವಿವರ; ನಿಮ್ಮ ಕೈಯಲ್ಲಿರುವ ಆ ಒಂದು ನಾಣ್ಯದ ಕಥೆಯಲ್ಲ. ಅದನ್ನು ನೀವೇ ಟಿಪ್ಪಣಿಯಾಗಿ ಬರೆಯಬೇಕು. ಎರಡನೆಯದಾಗಿ, ಆ ಪಟ್ಟಿ ಇರುವುದು ಪರರ ಮನೆಯಲ್ಲಿ. ಆಗಾಗ್ಗೆ ಅದರ ಪ್ರತಿಯೊಂದನ್ನು ನಮ್ಮ ಮನೆಗೆ ಇಳಿಸಿಕೊಳ್ಳುತ್ತಿರಬೇಕು. ನುಮಿಸ್ಟಾದಲ್ಲಿ ಇದಕ್ಕೆ ಅವಕಾಶವಿದೆ.

ಹಾಗಾದರೆ ಯಾವುದನ್ನು ಆರಿಸುವುದು? ಕೊಳ್ಳುವ ಮುನ್ನ, ಅಥವಾ ಸಾವಿರ ನಾಣ್ಯಗಳನ್ನು ನಮೂದಿಸುವ ಮುನ್ನ, ಇಪ್ಪತ್ತು ನಾಣ್ಯಗಳಿಂದ ಪರೀಕ್ಷಿಸಿ. ಆ ಇಪ್ಪತ್ತೂ ಸುಲಭದವಾಗಿರಬಾರದು. ಒಂದು ನಯಾಪೈಸೆ ಇರಲಿ, ಒಂದು 1862ರ ರೂಪಾಯಿ ಇರಲಿ, ಒಂದು ಟಿಪ್ಪುವಿನ ಕಾಸು, ಇಸವಿಯೇ ಇಲ್ಲದ ಒಂದು ಹಣ, ಏನೆಂದು ತಿಳಿಯದ ಒಂದು ತುಂಡು, ಒಂದು ನಕಲಿಯೂ ಇರಲಿ. ಎಲ್ಲವನ್ನೂ ಸೇರಿಸಿದ ಮೇಲೆ ‘ಹೈದರಾಬಾದಿನ ಟಂಕಸಾಲೆಯ ನಾಣ್ಯಗಳಷ್ಟನ್ನೇ ತೋರಿಸು’ ಎಂದು ಕೇಳಿ ನೋಡಿ. ‘ಮಯಿಲಿ’ ಎಂದು ಕನ್ನಡದಲ್ಲಿ ಹುಡುಕಿ ನೋಡಿ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ: ಇಡೀ ಪಟ್ಟಿಯನ್ನು ಹೊರಗೆ ತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಸಾಮಾನ್ಯವಾಗಿ ಇದು ಸಿಎಸ್‌ವಿ ಎಂಬ ಸರಳ ರೂಪದಲ್ಲಿ ಹೊರಬರುತ್ತದೆ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಅಕ್ಷರ ಕೆಟ್ಟು ಕಂಡರೆ ಗಾಬರಿ ಬೇಡ. ಕಡತವನ್ನು ಒಳತರುವಾಗ ಯುಟಿಎಫ್-8 ಎಂಬುದನ್ನು ಆರಿಸಿದರೆ ಸರಿಯಾಗುತ್ತದೆ. ಒಳಗೆ ಹೋದದ್ದು ಹೊರಗೆ ಬಾರದ ತಂತ್ರಾಂಶ ಎಷ್ಟೇ ಅಂದವಾಗಿದ್ದರೂ ಬೇಡ. ಕಂಪನಿ ಮುಚ್ಚಿದರೆ, ಚಂದಾ ಕಟ್ಟುವುದು ನಿಂತರೆ, ವರ್ಷಗಳ ಶ್ರಮ ಅದರೊಳಗೇ ಉಳಿದುಹೋಗುತ್ತದೆ.

ತಂತ್ರಾಂಶ ತೋರಿಸುವ ಬೆಲೆಯನ್ನು ನೆಚ್ಚಿಕೊಳ್ಳಬೇಡಿ. ಪರದೇಶದ ಪೇಟೆಯ ಬೆಲೆ ಬೆಂಗಳೂರಿನ ಪೇಟೆಯ ಬೆಲೆಯಲ್ಲ. ಸ್ಥಿತಿಯ ಅಂಕಗಳೂ ಹಾಗೆಯೇ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ ಒಂದರಿಂದ ಎಪ್ಪತ್ತರವರೆಗಿನ ಒಂದು ಮಾಪನವನ್ನು ತಂದನು. ಈಗ ಅದು ಬಹುಮಟ್ಟಿಗೆ ಎಲ್ಲೆಡೆ ಹಬ್ಬಿದೆ. ಕೈಯಿಂದ ಕೊಟ್ಟ ಒಂದು ಅಂಕಕ್ಕಿಂತ ಎರಡು ಸ್ಪಷ್ಟ ಚಿತ್ರಗಳು ಹೆಚ್ಚು ಹೇಳುತ್ತವೆ. ಚಿತ್ರ ತೆಗೆಯುವ ಮುನ್ನ ನಾಣ್ಯವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವ ಆಸೆಗೆ ಬೀಳಬೇಡಿ. ದೇವರ ಪಾತ್ರೆಗೆ ಹುಣಿಸೆಹಣ್ಣು ಒಳ್ಳೆಯದು; ಹಳೆಯ ನಾಣ್ಯದ ಮೈಯನ್ನು ಅದು ತಿನ್ನುತ್ತದೆ, ಬೆಲೆಯನ್ನೂ ತಿನ್ನುತ್ತದೆ. ಒಂದೊಂದು ಚಿತ್ರ ಒಂದು ಮೆಗಾಬೈಟ್ ಎಂದುಕೊಂಡರೂ ಸಾವಿರ ನಾಣ್ಯಗಳ ಎರಡೂ ಬದಿ ಸೇರಿ ಎರಡು ಗಿಗಾಬೈಟ್ ಆದೀತು. ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ.

ಆಧಾರಗ್ರಂಥಗಳಿಗೂ ಒಂದು ಅಂಕಣ ಬಿಡಿ. ಕ್ರೌಸ್ ಮತ್ತು ಮಿಶ್ಲರ್ ಪಟ್ಟಿಯ ಕೆಎಂ ಸಂಖ್ಯೆಯನ್ನು ವ್ಯಾಪಾರಿಗಳೆಲ್ಲ ಬಳಸುತ್ತಾರೆ. ಹೈದರ್, ಟಿಪ್ಪು ನಾಣ್ಯಗಳಿಗೆ 1921ರಲ್ಲಿ ಪ್ರಕಟವಾದ ಹೆಂಡರ್‌ಸನ್ನನ ಗ್ರಂಥವಿದೆ. ಒಂದು ನಾಣ್ಯಕ್ಕೆ ಎರಡು ಮೂರು ಉಲ್ಲೇಖಗಳನ್ನು ಬರೆಯುವಂತಿರಬೇಕು.

ಕಾನೂನಿನ ಮಾತೂ ಪಟ್ಟಿಗೆ ಸೇರಿದ್ದೇ. 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪುರಾತನ ವಸ್ತು; ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕರ್ತವ್ಯ. ನಾಣ್ಯ ಯಾರಿಂದ, ಯಾವಾಗ, ಹೇಗೆ ಬಂದಿತೆಂದು ರಸೀದಿಯ ಚಿತ್ರದೊಡನೆ ಬರೆದಿಟ್ಟಿದ್ದರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ತಡವರಿಸಬೇಕಾಗಿಲ್ಲ.

ಗುಟ್ಟನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಅಗತ್ಯ. ನಾಣ್ಯಗಳು ಮನೆಯ ಯಾವ ಕಪಾಟಿನಲ್ಲಿವೆ, ಯಾವ ಬ್ಯಾಂಕಿನ ಲಾಕರಿನಲ್ಲಿವೆ ಎಂಬುದನ್ನು ಅಂತರಜಾಲದ ಪಟ್ಟಿಯಲ್ಲಿ ಬರೆಯಬಾರದು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳವೂ ದಾಖಲಾಗಿರುವುದುಂಟು. ಹೊರಗೆ ಹಾಕುವ ಮುನ್ನ ಅದನ್ನು ತೆಗೆದುಹಾಕಬೇಕು. ಪಟ್ಟಿಗೆ ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ.

ಒಟ್ಟಿನಲ್ಲಿ ಹೇಳುವುದಾದರೆ, ಇನ್ನೂರು ಮುನ್ನೂರು ನಾಣ್ಯಗಳಿರುವವರಿಗೆ ಸ್ಪ್ರೆಡ್‌ಶೀಟೇ ಸಾಕು. ಅದಕ್ಕೆ ಮೇಲ್ಪಟ್ಟು, ಚಿತ್ರಗಳೂ ಬೇಕೆನ್ನುವವರಿಗೆ ಓಪನ್‌ನ್ಯೂಮಿಸ್‌ಮ್ಯಾಟಿನಂಥದು ಅನುಕೂಲ. ಗಣರಾಜ್ಯದ ನಾಣ್ಯಗಳನ್ನೂ ಹೊರದೇಶದ ನಾಣ್ಯಗಳನ್ನೂ ಹೆಚ್ಚಾಗಿ ಕೂಡಿಡುವವರು ನುಮಿಸ್ಟಾದಿಂದ ಆರಂಭಿಸಿ, ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ದಿನಕ್ಕೆ ಹತ್ತು ನಾಣ್ಯದಂತೆ ಬರೆದರೆ ಸಾವಿರ ನಾಣ್ಯ ನೂರು ದಿನಗಳಲ್ಲಿ ಮುಗಿಯುತ್ತದೆ. ಎಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸಹೊರಟವರ ಪಟ್ಟಿ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ಪಟ್ಟಿ ಪೂರ್ತಿಯಾದ ಮೇಲೆ ಅದನ್ನು ಕಾಗದದ ಮೇಲೆ ಅಚ್ಚು ತೆಗೆದು ನಾಣ್ಯದ ಪೆಟ್ಟಿಗೆಯಲ್ಲಿಯೇ ಇಡಿ. ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ: ಯಾವ ನಾಣ್ಯಗಳು ನಿಜವಾಗಿ ಬೆಲೆಯುಳ್ಳವು, ಯಾವುವನ್ನು ಬಿಡಿಸದೆ ಒಟ್ಟಾಗಿ ಇಡಬೇಕು, ಮಾರಬೇಕಾಗಿ ಬಂದರೆ ಯಾರನ್ನು ವಿಚಾರಿಸಬೇಕು, ಕಂಪ್ಯೂಟರಿನ ಕಡತ ಎಲ್ಲಿದೆ. ಮನೆಯಲ್ಲಿ ಒಬ್ಬರನ್ನಾದರೂ, ಮಗಳೋ ಸೊಸೆಯೋ ಮೊಮ್ಮಗನೋ, ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯನ್ನು ತೆರೆಯುವುದು ಹೇಗೆಂದು ತೋರಿಸಿಕೊಡಿ. ನಾಣ್ಯವನ್ನು ಕೈಯಲ್ಲಿ ಹಿಡಿದು ಅದರ ನಮೂದನ್ನು ಓದಿದ ಮಗು ಅದನ್ನು ಚಿನಿವಾರರ ತಕ್ಕಡಿಗೆ ಅಷ್ಟು ಸುಲಭವಾಗಿ ಹಾಕುವುದಿಲ್ಲ.